ಕೆರೆಗೆ ಬೀಗವೇಕೆ?

ಮೊನ್ನೆ ನಡುಹಗಲಿನ ಬಿಸಿಲಿನಲ್ಲಿ ಬೆಂಗಳೂರಿನ ನಮ್ಮ ಬಡಾವಣೆಯ ಕೆರೆ ಉದ್ಯಾನದ ಮುಂದೆ ಸೊಪ್ಪು ಮಾರುವ ಮುದುಕಿಯೊಬ್ಬಳು ಬುಟ್ಟಿ ಇಳಿಸಿ ನಿಂತಿದ್ದಳು. ಗೇಟಿನ ಆಚೆ ಹೊಂಗೆಯ ನೆರಳು. ನೆರಳಿನಲ್ಲಿ ಬರಿದಾದ ಕಲ್ಲುಬೆಂಚು.

"ಒಂದು ಗಳಿಗೆ ಕೂತು ಹೋಗ್ತೀನಿ ಕಣಪ್ಪ" ಎಂದಳು.

"ನಾಲ್ಕು ಗಂಟೆಗೆ ಬಾರಮ್ಮ, ಈಗ ಬಿಡೋ ಹಾಗಿಲ್ಲ" ಎಂದು ಕಾವಲುಗಾರ ಫಲಕ ತೋರಿಸಿದ. ಆಕೆಗೆ ಓದು ಬಾರದು, ನಾನು ಓದಿದೆ. ಬೆಳಿಗ್ಗೆ ಐದರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು. ಚೆಂಡಾಡಕೂಡದು, ತಿಂಡಿ ತರಕೂಡದು, ಹುಲ್ಲಿನ ಮೇಲೆ ಮಲಗಕೂಡದು. ಇಷ್ಟು ಕೂಡದುಗಳ ನಡುವೆ ಕೂಡುವುದು ಒಂದೇ: ಗಾಣದ ಎತ್ತಿನಂತೆ ಕೆರೆ ಸುತ್ತುವುದು.

ಇದಕ್ಕೆ ಸಾರ್ವಜನಿಕ ವಿಹಾರಸ್ಥಳವೆಂದು ಹೆಸರು. ಯಾರು ಸ್ವಾಮಿ ಆ ಸಾರ್ವಜನಿಕರು? ಸಕ್ಕರೆ ಕಾಯಿಲೆಯ ನನ್ನಂಥ ಪಿಂಚಣಿದಾರನಿಗೆ ಈ ವೇಳೆ ಹೇಳಿಮಾಡಿಸಿದಂತಿದೆ. ಮುಂಜಾನೆಯಿಂದ ದುಡಿದವರಿಗೆ ಬಿಡುವಾಗುವುದು ನಡುಹಗಲಿನಲ್ಲಿ. ಬೀಗ ಬೀಳುವುದೂ ಆಗಲೇ.

ಈ ಊರಿನ ಕೆರೆಗಳು ಬಹುಮಟ್ಟಿಗೆ ಮನುಷ್ಯರು ಕಟ್ಟಿದವು. ಏರಿ, ತೂಬು, ಕೋಡಿಗಳ ಜೊತೆಗೆ ನೀರು ಹಂಚಲು ನೀರಗಂಟಿಯಿದ್ದ. ದನ ನೀರು ಕುಡಿಯಿತು, ಅಗಸ ಬಟ್ಟೆ ಒಗೆದ, ಕುಂಬಾರ ಮಣ್ಣು ಒಯ್ದ. ಹಳ್ಳಿಗೊಂದು ಗುಂಡುತೋಪಿತ್ತು; ಮಾವು, ಹುಣಿಸೆ, ನೇರಳೆಯ ನೆರಳಿನಲ್ಲಿ ದಾರಿಹೋಕ ಮಲಗಿ ಏಳುತ್ತಿದ್ದ. ಅದೂ ಉದ್ಯಾನವೇ, ಬಾಗಿಲು ಮಾತ್ರ ಇರಲಿಲ್ಲ.

ಆಮೇಲೆ ನಗರ ಬೆಳೆಯಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಕ್ರೀಡಾಂಗಣ. ಆಟಕ್ಕೆಂದು ಕೆರೆಗಳನ್ನೇ ಮುಚ್ಚಿದ ಊರು, ಉಳಿದ ಕೆರೆಯ ದಡದಲ್ಲಿ ಹುಡುಗರ ರಬ್ಬರ್ ಚೆಂಡಿಗೆ ಹೆದರುತ್ತದೆ!

ಬೇಲಿಯಿಲ್ಲದಿದ್ದರೆ ಒತ್ತುವರಿಯಾಗುತ್ತದೆ, ಕಸ ಬೀಳುತ್ತದೆ ಎನ್ನುವವರ ಮಾತನ್ನು ತಳ್ಳಿಹಾಕಲಾರೆ. ಬೇಲಿಯಿರಲಿ. ರಾತ್ರಿ ಹಕ್ಕಿಗಳಿಗೆ ನೆಮ್ಮದಿ ಬೇಕೆಂದರೆ ಆಗ ಬೀಗವೂ ಇರಲಿ. ಆದರೆ ಕೆರೆಯನ್ನು ಕೆಡಿಸಿದ್ದು ಮುದುಕಿಯ ಬುಟ್ಟಿಯಲ್ಲ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತಲ್ಲ, ಅದು ಪಾರ್ಕಿಗೆ ಬಂದವರ ಕೊಡುಗೆಯೆ? ರಾಜಕಾಲುವೆಯಲ್ಲಿ ಹರಿದು ಬರುವ ಚರಂಡಿ ನೀರಿಗೆ ಫಲಕವಿಲ್ಲ, ಕಾವಲಿಲ್ಲ. ಅದಕ್ಕೆ ಹಗಲಿರುಳೂ ಪ್ರವೇಶ.

ಪಾರ್ಕುಗಳು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿರಬೇಕೆಂದು 2024ರಲ್ಲಿ ಪಾಲಿಕೆ ಆಜ್ಞೆ ಹೊರಡಿಸಿತು. ಆ ಆಜ್ಞೆ ನಮ್ಮ ಕೆರೆಯ ಗೇಟಿನವರೆಗೆ ನಡೆದು ಬಂದಿಲ್ಲ. ದಾರಿಯಲ್ಲಿ ಅದಕ್ಕೂ ಬಿಸಿಲು ತಾಗಿರಬೇಕು.

ನಾನು ಕೇಳುವುದು ಕಾರಂಜಿಯನ್ನಲ್ಲ, ಬಣ್ಣದ ದೀಪವನ್ನಲ್ಲ. ಚರಂಡಿಯನ್ನು ಹೊರಗಿಡಿ, ಜನರನ್ನು ಒಳಗೆ ಬಿಡಿ. ಹುಡುಗರಿಗೆ ಒಂದು ಮೂಲೆಯ ಹುಲ್ಲು ಬಿಟ್ಟುಕೊಡಿ. ನಡುಹಗಲಿನಲ್ಲಿ ಗೇಟು ತೆರೆಯಿರಿ. ನೆರಳು ಬೇಕಾಗುವುದು ಬಿಸಿಲಿರುವಾಗ ಎಂಬುದನ್ನು ಅಧಿಕಾರಿಗಳಿಗೆ ಅರ್ಜಿ ಬರೆದು ತಿಳಿಸಬೇಕೆ?