ಸಿನಿಮಾ ಗೆದ್ದಿತು, ಆಟ ಮಣ್ಣುಪಾಲಾಯಿತು

ಸಿನಿಮಾ ಓಡಿದರೆ ಅದರ ಹೆಸರಿಟ್ಟ ಸಾಮಾನೂ ಓಡುತ್ತೆ ಅನ್ನೋದು ವ್ಯಾಪಾರದ ಹಳೇ ಲೆಕ್ಕ. ಈ ಲೆಕ್ಕ ತಪ್ಪಿದರೆ ಗತಿಯೇನು ಎಂಬುದಕ್ಕೆ ಅಮೆರಿಕದ ಅಟಾರಿ ಕಂಪನಿಯೇ ಸಾಕ್ಷಿ.

1982ರ ಜೂನ್‌ನಲ್ಲಿ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಚಿತ್ರ ತೆರೆಕಂಡು ಥಿಯೇಟರುಗಳು ತುಂಬಿ ತುಳುಕಿದವು. ಅದನ್ನು ಮಕ್ಕಳ ವಿಡಿಯೋ ಗೇಮ್ ಮಾಡುವ ಹಕ್ಕಿಗೇ ಎರಡು ಕೋಟಿ ಡಾಲರ್‌ಗೂ ಮಿಕ್ಕಿ ಸುರಿದರೆಂದು ವರದಿ. ಮಾತುಕತೆ ಮುಗಿಯುವ ಹೊತ್ತಿಗೆ ಜುಲೈ ಕೊನೆ. ಕ್ರಿಸ್‌ಮಸ್ ವ್ಯಾಪಾರಕ್ಕೆ ಮಾಲು ಬರಲೇಬೇಕು! ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್ ಸುಮಾರು ಐದು ವಾರದಲ್ಲಿ ಮುಗಿಸಬೇಕಾಯಿತು.

ಆಟ ಹೇಗಿತ್ತು? ಇ.ಟಿ. ನಡೆದರೆ ಗುಂಡಿಗೆ ಬೀಳೋದು, ಕತ್ತು ಚಾಚಿ ಮೇಲೇಳೋದು, ಮತ್ತೆ ಬೀಳೋದು. ಮಕ್ಕಳು ಬೇಸತ್ತರು. ಮೊದಲಿಗೆ 15 ಲಕ್ಷದಷ್ಟು ಕ್ಯಾಸೆಟ್ ಖರ್ಚಾದದ್ದು ನಿಜ. ಆದರೆ ತಯಾರಿಸಿದ್ದು ಅದಕ್ಕಿಂತ ಲಕ್ಷಾಂತರ ಹೆಚ್ಚು. ಅಂಗಡಿಯವರು ಉಳಿದದ್ದನ್ನು ವಾಪಸ್ ಕಳಿಸಿದರು. 1983ರ ಸೆಪ್ಟೆಂಬರ್‌ನಲ್ಲಿ ನ್ಯೂ ಮೆಕ್ಸಿಕೋದ ಅಲಮಗಾರ್ಡೊ ಊರಿನ ಕಸದ ಗುಂಡಿಗೆ ಕಂಪನಿಯ ಮಾಲು ಲಾರಿಗಟ್ಟಲೆ ಬಿತ್ತು, ಮೇಲೆ ಕಾಂಕ್ರೀಟ್. 2014ರಲ್ಲಿ ಅಗೆದಾಗ 'ಇ.ಟಿ.' ಕ್ಯಾಸೆಟ್‌ಗಳೂ ಕೈಗೆ ಸಿಕ್ಕವು.

ಕಂಪನಿ ಮುಗ್ಗರಿಸಿದ್ದು ಇದೊಂದೇ ಆಟದಿಂದಲ್ಲ. ಆಗ ಪೇಟೆಯಲ್ಲಿ ಕಳಪೆ ಆಟಗಳ ರಾಶಿಯೇ ಬಿದ್ದಿತ್ತು. ಐದು ವಾರ ದುಡಿದವನದ್ದೂ ಪೂರಾ ತಪ್ಪಲ್ಲ. ಹೆಸರಿಗೆ ಕೋಟಿ ಕೊಟ್ಟು ಕೆಲಸಕ್ಕೆ ದಿನ ಕೊಡದವರದ್ದು ತಪ್ಪು.

ಚಿತ್ರದ ಮೇಲಿನ ಅಭಿಮಾನವನ್ನು ಜನ ಟಿಕೆಟ್ ಕೊಂಡೇ ತೀರಿಸಿದ್ದರು. ಆಟಕ್ಕೆ ಕಾಸು ಕೊಟ್ಟ ಅಪ್ಪ ಕೇಳಿದ್ದು ಒಳ್ಳೇ ಆಟ. ಡಬ್ಬಿಯ ಮೇಲಿನ ಚಿತ್ರ ಗಿರಾಕಿಯನ್ನು ಒಂದು ಸಲ ಕರೆತರುತ್ತೆ. ಎರಡನೇ ಸಲ ಕರೆಯಬೇಕಾದ್ದು ಒಳಗಿನ ಮಾಲು.