ಹೊಟ್ಟೆ ಖಾಲಿ ಮಾಡುವ ಉಪ್ಪು, ಜೊತೆಗೆ ಕುಡಿಸಬೇಕಾದ ನೀರು



ಕೊಲೊನೋಸ್ಕೋಪಿ ಎಂಬ ಪರೀಕ್ಷೆಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಸಣ್ಣ ಕ್ಯಾಮೆರಾ ಇರುವ ನಳಿಕೆಯನ್ನು ಗುದದ್ವಾರದ ಮೂಲಕ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ ಇದು. ಮಲದಲ್ಲಿ ರಕ್ತ ಹೋಗುವುದು, ವಾರಗಟ್ಟಲೆ ಮಲದ ರೂಢಿ ಬದಲಾಗಿರುವುದು, ಕಾರಣ ತಿಳಿಯದೆ ಮೈಯಲ್ಲಿ ರಕ್ತ ಕಡಿಮೆಯಾಗುವುದು ಮುಂತಾದ ಸಂದರ್ಭಗಳಲ್ಲಿ ವೈದ್ಯರು ಇದನ್ನು ಬರೆದುಕೊಡುತ್ತಾರೆ. ಆಸ್ಪತ್ರೆಯಲ್ಲಿ ಇದು ಹೆಚ್ಚೆಂದರೆ ಅರ್ಧ-ಮುಕ್ಕಾಲು ಗಂಟೆಯ ಕೆಲಸ. ಅದಕ್ಕೆ ಮೊದಲು ಕರುಳನ್ನು ಪೂರ್ತಿ ಖಾಲಿ ಮಾಡುವ ಕೆಲಸ ಮಾತ್ರ ಮನೆಯಲ್ಲೇ ಆಗಬೇಕು. ಔಷಧಿ ಕಲಸಿ, ಗಂಟೆ ನೋಡಿ, ಬೇಡ ಎನ್ನುವ ಹಿರಿಯರಿಗೆ ಒಂದೊಂದೇ ಲೋಟ ಕುಡಿಸುವವರು ನಾವೇ ತಾನೇ?

ಮಾಕಳಿಯಲ್ಲಿ ನಾನು ಪಾಠ ಹೇಳುವ ಮಕ್ಕಳ ತಾಯಂದಿರು ಆಸ್ಪತ್ರೆಯ ಇಂಗ್ಲಿಷ್ ಚೀಟಿ ತಂದು ಓದಿಸಿಕೊಂಡು ಹೋಗುವುದುಂಟು. ಅವರಲ್ಲೊಬ್ಬ ತಾಯಿ ಕೇಳಿದ ಪ್ರಶ್ನೆ ಇದು: "ಆಪಾ, ಎರಡು ಲೀಟರ್ ನೀರಿಗೆ ಕಲಸಿ ಅಂತ ಬರೆದಿದ್ದಾರೆ. ನಮ್ಮತ್ತೆ ಅಷ್ಟೆಲ್ಲಾ ಕುಡಿಯಲ್ಲ. ಇಡೀ ಪೊಟ್ಟಣ ಒಂದೇ ಲೋಟಕ್ಕೆ ಹಾಕಿ ಕೊಟ್ಟರೆ ಆಗಲ್ವಾ?"

ಆಗುವುದಿಲ್ಲ. ಏಕೆಂಬುದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ನೀರು ಬಿಟ್ಟಿರುತ್ತದೆ. ನಾವು ಒಂದು ಹನಿ ನೀರು ಹಾಕಿರುವುದಿಲ್ಲ. ಉಪ್ಪು ಅದನ್ನು ಹೋಳಿನೊಳಗಿಂದ ಎಳೆದಿರುತ್ತದೆ. ಹಳೆಯ ಕಾಲದವರು ಭೇದಿ ಉಪ್ಪು ಎನ್ನುತ್ತಿದ್ದ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಕರುಳಿನಲ್ಲಿ ಮಾಡುವುದೂ ಇದನ್ನೇ. ನಾವು ತಿನ್ನುವ ಅಡುಗೆ ಉಪ್ಪನ್ನು ಕರುಳು ಹೀರಿಕೊಂಡುಬಿಡುತ್ತದೆ. ಈ ಉಪ್ಪನ್ನು ಅಷ್ಟು ಸುಲಭವಾಗಿ ಹೀರಲಾರದು. ಅದು ಕರುಳಿನಲ್ಲೇ ನಿಂತು ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕರುಳು ತುಂಬಿ ಉಬ್ಬುತ್ತದೆ, ಹಿಂಡುತ್ತದೆ, ಎಲ್ಲವೂ ನೀರಾಗಿ ಹೊರಗೆ ಹೋಗುತ್ತದೆ.

ಹಾಗಾದರೆ ಆ ನೀರು ಎಲ್ಲಿಂದ ಬಂತು? ಕುಡಿದ ನೀರು ಸಾಲದಿದ್ದರೆ ರಕ್ತದಿಂದ, ಮೈಯೊಳಗಿಂದ ಬರುತ್ತದೆ. ಆರೋಗ್ಯವಂತರ ಕರುಳಿಗೆ ದಿನಕ್ಕೆ ಸುಮಾರು 9 ಲೀಟರ್ ದ್ರವ ಬರುತ್ತದೆ. ಅದರಲ್ಲಿ ನಾವು ತಿಂದು ಕುಡಿದದ್ದು 2 ಲೀಟರ್ ಮಾತ್ರ. ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ ಇತ್ಯಾದಿ. ಕರುಳು ಇದನ್ನೆಲ್ಲ ವಾಪಸ್ ಹೀರಿಕೊಂಡು ಕೊನೆಗೆ ಮಲದಲ್ಲಿ ಬಿಡುವುದು ಒಂದು ಲೋಟದಷ್ಟೂ ಇರುವುದಿಲ್ಲ. ಭೇದಿ ಔಷಧಿ ಕೊಟ್ಟ ದಿನ ಈ ಲೆಕ್ಕ ತಲೆಕೆಳಗಾಗುತ್ತದೆ. ಚೀಟಿಯಲ್ಲಿ ಬರೆದ ನೀರು ಔಷಧಿಯ ಜೊತೆಗಿನ ಉಪಚಾರವಲ್ಲ, ಅದೇ ಅರ್ಧ ಔಷಧಿ. ಅದನ್ನು ಕುಡಿಸದಿದ್ದರೆ ಕರುಳೂ ಸ್ವಚ್ಛವಾಗುವುದಿಲ್ಲ, ರೋಗಿಗೆ ತಲೆ ತಿರುಗಿ ಬೀಳುವ ಸ್ಥಿತಿಯೂ ಬರಬಹುದು.

ಇಂದು ಹೆಚ್ಚಾಗಿ ಕೊಡುವುದು ಪಿ.ಇ.ಜಿ. ಎಂಬ ಪುಡಿ. ಮೆಡಿಕಲ್ ಸ್ಟೋರ್‌ಗಳಲ್ಲಿ ಪೆಗ್ಲೆಕ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. 1980ರಲ್ಲಿ ಅಮೆರಿಕದ ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಈ ದ್ರಾವಣವನ್ನು ರೂಪಿಸಿದರು. ಅದಕ್ಕೂ ಮೊದಲು ದಿನಗಟ್ಟಲೆ ತಿಳಿ ದ್ರವದ ಪಥ್ಯ, ಹರಳೆಣ್ಣೆ, ಎನಿಮಾ ಎಂದು ರೋಗಿಗಳು ಹೈರಾಣಾಗುತ್ತಿದ್ದರು. ಪಿ.ಇ.ಜಿ. ಉಪ್ಪಲ್ಲ. ಆದರೆ ಅದರ ಜೊತೆ ಮೈಯಲ್ಲಿರುವ ಉಪ್ಪುಗಳನ್ನೇ ಅಳತೆಯಲ್ಲಿ ಬೆರೆಸಿರುತ್ತಾರೆ. ಹೇಳಿದಷ್ಟು ನೀರಿಗೆ ಕಲಸಿದರೆ ಅದು ಮೈಯ ನೀರನ್ನು ಎಳೆಯುವುದೂ ಇಲ್ಲ, ಮೈಗೆ ನೀರನ್ನು ಬಿಟ್ಟುಕೊಡುವುದೂ ಇಲ್ಲ. ಕುಡಿದ ನೀರನ್ನೇ ಹಿಡಿದುಕೊಂಡು ಕರುಳನ್ನು ತೊಳೆಯುತ್ತಾ ಇಳಿಯುತ್ತದೆ. ಒಂದು ಲೋಟಕ್ಕೆ ಇಡೀ ಪೊಟ್ಟಣ ಹಾಕಿದರೆ ಈ ಸಮತೋಲ ಕೆಡುತ್ತದೆ. ಆ ತಾಯಿಗೆ ಸಿಗಬೇಕಾದ ಉತ್ತರ ಇದೇ.

"ಹಾಗಾದರೆ ಸ್ವಲ್ಪವೇ ಕುಡಿಯುವ ಔಷಧಿ ಇದೆಯಂತಲ್ಲ?" ಎಂದು ಕೆಲವರು ಕೇಳುತ್ತಾರೆ. ಇದೆ. ಸೋಡಿಯಂ ಫಾಸ್ಫೇಟ್ ಎಂಬ ಉಪ್ಪಿನ ದ್ರಾವಣವನ್ನು 45 ಮಿ.ಲೀ.ನಂತೆ ಎರಡು ಸಲ ಕೊಡುವ ಪದ್ಧತಿ ಬಹಳ ಜನಪ್ರಿಯವಾಗಿತ್ತು. ಆದರೆ ಕೆಲವರಲ್ಲಿ ಅದರ ಫಾಸ್ಫೇಟ್ ಮೂತ್ರಪಿಂಡದೊಳಗೆ ಹರಳುಗಟ್ಟಿ ಕಿಡ್ನಿ ಕೆಟ್ಟದ್ದು ಕಂಡುಬಂತು. 2008ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತು. ವಯಸ್ಸಾದವರು, ಮೊದಲೇ ಕಿಡ್ನಿ ತೊಂದರೆ ಇರುವವರು, ಬಿ.ಪಿ.ಯ ಕೆಲವು ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಸಾಕಷ್ಟು ನೀರು ಕುಡಿಯದವರು, ಇವರಿಗೇ ಅಪಾಯ ಹೆಚ್ಚು. ನಮ್ಮ ಮನೆಯ ಹಿರಿಯರಲ್ಲಿ ಎಷ್ಟು ಮಂದಿ ಈ ಸಾಲಿನಲ್ಲಿ ಬರುವುದಿಲ್ಲ ಹೇಳಿ! ಕಿಡ್ನಿ ದುರ್ಬಲವಾಗಿದ್ದರೆ ಮೆಗ್ನೀಸಿಯಂ ಇರುವ ಉಪ್ಪೂ ಮೈಯಲ್ಲಿ ಉಳಿದು ತೊಂದರೆ ಕೊಡುತ್ತದೆ. ಆದ್ದರಿಂದ ಪಕ್ಕದ ಮನೆಯವರಿಗೆ ಬರೆದ ಔಷಧಿಯನ್ನು ಅದೇ ಪರೀಕ್ಷೆ ಎಂದು ನಮ್ಮವರಿಗೆ ಕೊಡುವಂತಿಲ್ಲ. ಗಿಡಗಳಿಗೆ ಹಾಕಲೆಂದು ಗೊಬ್ಬರದ ಅಂಗಡಿಯಲ್ಲಿ ಮಾರುವ ಮೆಗ್ನೀಸಿಯಂ ಸಲ್ಫೇಟ್ ಅನ್ನಂತೂ ಬಾಯಿಗೆ ಹಾಕಲೇಬಾರದು.

ಮಾಕಳಿಯಲ್ಲಿ ಹಿಮಾಲಯ ಕಂಪನಿಯ ಕಾರ್ಖಾನೆ ಇರುವುದರಿಂದಲೋ ಏನೋ, ಗಿಡಮೂಲಿಕೆಯ ಮೇಲೆ ಇಲ್ಲಿನವರಿಗೆ ಭರವಸೆ ಜಾಸ್ತಿ. ಮಲಬದ್ಧತೆಯ ಮಾತ್ರೆ ಎರಡು ಹೆಚ್ಚು ನುಂಗಿದರೆ ಸಾಲದೇ ಎನ್ನುವವರಿದ್ದಾರೆ. ನಮ್ಮವರಿಗೆ ಸನಾ ಎಲೆ, ಅಂದರೆ ಸೋನಾಮುಖಿ, ಹದೀಸ್‌ಗಳಲ್ಲಿ ಪ್ರಸ್ತಾಪವಾಗಿರುವುದರಿಂದ ಇನ್ನೂ ಪ್ರಿಯ. ಯುನಾನಿಯಲ್ಲಿ ಭೇದಿ ಮಾಡಿಸುವ ಔಷಧಿಗೆ ಮುಸ್‌ಹಿಲ್ ಎನ್ನುತ್ತಾರೆ. ಅದಕ್ಕೂ ಮೊದಲು ಮುಂಜಿಜ್ ಎಂಬ ಔಷಧಿ ಕೊಟ್ಟು ದೇಹವನ್ನು ಹದಗೊಳಿಸುವ ಕ್ರಮವೂ ಇದೆ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇದನ್ನು ಶಾಸ್ತ್ರೀಯವಾಗಿ ಕಲಿಸುತ್ತಾರೆ. ನನಗೆ ಅದರ ಮೇಲೆ ಗೌರವವಿದೆ. ಆದರೆ ಸನಾ ಕರುಳನ್ನು ಕೆರಳಿಸಿ ಹಿಂಡುವಂತೆ ಮಾಡುತ್ತದೆ, ನೀರಿನಿಂದ ತೊಳೆಯುವುದಿಲ್ಲ. ಕ್ಯಾಮೆರಾ ನೋಡಬೇಕಾದದ್ದು ಕೆಲವೊಮ್ಮೆ ಕಾಳಿನಷ್ಟು ಚಿಕ್ಕ ಗಂಟನ್ನು. ಅದರ ಮೇಲೆ ಒಂದಿಷ್ಟು ಮಲ ಕೂತಿದ್ದರೂ ಕಾಣದೇ ಹೋಗಬಹುದು, ಅದು ಮುಂದೆ ಕ್ಯಾನ್ಸರ್ ಆಗುವಂಥದ್ದೂ ಇರಬಹುದು.

ಇನ್ನು ಮನೆಯ ವಿಷಯಕ್ಕೆ ಬರೋಣ. ಹಿಂದಿನ ದಿನ ರಾಗಿಮುದ್ದೆ, ಸೊಪ್ಪು, ಕಾಳು, ಸೀಬೆ-ಟೊಮೆಟೊದಂತಹ ಬೀಜದ ಹಣ್ಣುಗಳು ಬೇಡ. ಸಬ್ಜಾ ಹಾಕಿದ ಶರಬತ್ತೂ ಬೇಡ. ಬಿಳಿ ಅನ್ನ, ಮೊಸರು ಬೆಳಗಿನ ಹೊತ್ತಿಗೆ ಸಾಕು; ಆಮೇಲೆ ವೈದ್ಯರು ಹೇಳಿದ ಹೊತ್ತಿನಿಂದ ತಿಳಿಯಾದ ದ್ರವ ಮಾತ್ರ. ಸೋಸಿದ ಗಂಜಿ ತಿಳಿ, ಹಾಲಿಲ್ಲದ ಚಹಾ, ಸೋಸಿದ ನಿಂಬೆ ಶರಬತ್ತು, ಎಳನೀರು ಆಗಬಹುದು. ಕಿಡ್ನಿ ತೊಂದರೆ ಇದ್ದವರಿಗೆ ಎಳನೀರಿನ ಬಗ್ಗೆ ಕೇಳಿಯೇ ಕೊಡಿ. ರೂಹ್ ಅಫ್ಜಾ ಬೇಡವೇ ಬೇಡ, ಅದರ ಕೆಂಪು ಕರುಳಿನಲ್ಲಿ ರಕ್ತದಂತೆ ಕಾಣುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇವನ್ನು ಕೇಳದೆ ಕೊಡಲೂಬಾರದು, ಬಿಡಲೂಬಾರದು.

ಔಷಧಿಯನ್ನು ಹಿಂದಿನ ಸಂಜೆ ಅರ್ಧ, ಪರೀಕ್ಷೆಯ ದಿನ ನಸುಕಿನಲ್ಲಿ ಅರ್ಧ ಕೊಟ್ಟರೆ ಕರುಳು ಹೆಚ್ಚು ಸ್ವಚ್ಛವಾಗುತ್ತದೆ. ಎರಡನೆಯ ಭಾಗ ಪರೀಕ್ಷೆಗೆ ನಾಲ್ಕೈದು ಗಂಟೆ ಮೊದಲು ಶುರುವಾಗಿ, ಕನಿಷ್ಠ ಎರಡು ಗಂಟೆ ಮೊದಲು ಮುಗಿಯಬೇಕು. ಹತ್ತು-ಹದಿನೈದು ನಿಮಿಷಕ್ಕೊಂದು ಲೋಟ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಕೊಟ್ಟರೆ ರುಚಿ ಅಷ್ಟು ಕಾಡುವುದಿಲ್ಲ. ಹೊಟ್ಟೆ ತೊಳೆಸಿದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ. ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ವಿಪರೀತ ನೋವು ಬಂದೂ ಮಲ ಹೋಗದಿದ್ದರೆ ಔಷಧಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ವಠಾರದಲ್ಲಿ ನಾಲ್ಕು ಮನೆಗೆ ಒಂದೇ ಪಾಯಿಖಾನೆ ಇರುವವರ ಕಷ್ಟ ನನಗೆ ಗೊತ್ತು. ಸಂಕೋಚ ಬಿಟ್ಟು ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿಡಿ, ಅಥವಾ ಆ ರಾತ್ರಿ ಅನುಕೂಲವಿರುವ ನೆಂಟರ ಮನೆಗೆ ಕರೆದೊಯ್ಯಿರಿ. ಪದೇ ಪದೇ ತೊಳೆದು ಚರ್ಮ ಉರಿಯುತ್ತದೆ, ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿರುವುದು ಒಳ್ಳೆಯದು. ವುಜೂ ಉಳಿಯದ ಚಿಂತೆ ಇರುವವರು, ಉಜ್ರ್ ಇರುವವರ ನಮಾಜಿನ ವಿಧಿಯನ್ನು ತಮ್ಮ ಆಲಿಮರಿಂದ ಮೊದಲೇ ಕೇಳಿಟ್ಟುಕೊಳ್ಳಲಿ. ರಮಜಾನ್‌ನಲ್ಲಿ ದಿನಾಂಕ ಕೊಟ್ಟರೆ ಮುಂದೂಡಬಹುದೇ ಎಂದು ವೈದ್ಯರನ್ನೇ ಕೇಳಿ. ರಕ್ತ ಹೋಗುತ್ತಿದ್ದು ಬೇಡ ಎಂದರೆ ಮುಂದೂಡಬೇಡಿ. ಕಾಯಿಲೆಯವರ ಉಪವಾಸಕ್ಕೆ ಕಜಾ ಇದೆ.

ಮಾಧವರದಿಂದ ಮೆಟ್ರೋ 2024ರ ನವೆಂಬರಿನಲ್ಲಿ ಶುರುವಾದ ಮೇಲೆ ಮಾಕಳಿಯವರಿಗೆ ಕೆ.ಆರ್. ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆಯ ದಾರಿ ಹಗುರವಾಗಿದೆ. ಆದರೂ ಹೊರಡುವ ಹೊತ್ತಿಗೆ ಭೇದಿ ಇಳಿಮುಖವಾಗಿರುವಂತೆ ಲೆಕ್ಕ ಹಾಕಿ ಸಮಯ ಕೇಳಿಕೊಳ್ಳಿ. ಒಂದು ಜೊತೆ ಬಟ್ಟೆ ಚೀಲದಲ್ಲಿರಲಿ. ಮಂಪರಿನ ಇಂಜೆಕ್ಷನ್ ಕೊಡುವುದರಿಂದ ಜೊತೆಗೊಬ್ಬರು ಬೇಕೇ ಬೇಕು. ಹೊರಡುವ ಮುನ್ನ ಕೊನೆಯದಾಗಿ ಹೋದದ್ದು ಹೇಗಿತ್ತೆಂದು ಕೇಳಿ. ತಿಳಿ ಹಳದಿ ನೀರಾಗಿದ್ದರೆ ಸರಿ. ಇನ್ನೂ ಕಂದು, ಬಗ್ಗಡವಾಗಿದ್ದರೆ ಮುಚ್ಚಿಡದೆ ಅಲ್ಲಿನ ನರ್ಸಮ್ಮನಿಗೆ ಮೊದಲೇ ಹೇಳಿ, ಅವರು ಅಲ್ಲೇ ಇನ್ನಷ್ಟು ಔಷಧಿ ಕುಡಿಸಿಯೋ ಎನಿಮಾ ಕೊಟ್ಟೋ ಅದೇ ದಿನ ಪರೀಕ್ಷೆ ಮುಗಿಸಲು ನೋಡುತ್ತಾರೆ.