ಎಐ ಇದೆಯಲ್ಲ, ಕನ್ನಡ ಮೇಷ್ಟ್ರು ಯಾಕೆ ಅಂತೀರಾ?

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಡಿಗ್ರಿಗೆ ಸೇರಿದವರ ಪಾಡು ನಮಗ್ಯಾರಿಗೂ ಹೊಸದಲ್ಲ. ಪುಸ್ತಕ ಇಂಗ್ಲಿಷಿನಲ್ಲಿ. ಮೇಷ್ಟ್ರು ಬಿಡಿಸಿ ಹೇಳೋದು ಕಾಸರಗೋಡಾದರೆ ಮಲಯಾಳದಲ್ಲಿ, ಹೊಸೂರಾದರೆ ತಮಿಳಿನಲ್ಲಿ, ಜತ್ತ-ಅಕ್ಕಲಕೋಟೆಯಾದರೆ ಮರಾಠಿಯಲ್ಲಿ. ಡೌಟ್ ಕೇಳೋಕೆ ಬಾಯಿ ಬರಲ್ಲ, ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತುಬಿಡುತ್ತೇವೆ.

ಈಗ ರಾತ್ರಿ ಹನ್ನೊಂದಕ್ಕೆ "ಮಾರ್ಜಿನಲ್ ಕಾಸ್ಟ್ ಅಂದ್ರೇನು, ಕನ್ನಡದಲ್ಲಿ ಹೇಳು" ಅಂತ ಎಐಯನ್ನು ಕೇಳಿದರೆ, ನೂರು ಹಪ್ಪಳ ಮಾಡಿದ ಮೇಲೆ ನೂರೊಂದನೆಯದಕ್ಕೆ ಬೀಳುವ ಹೆಚ್ಚಿನ ಖರ್ಚು ಅಂತ ಬಿಡಿಸಿ ಹೇಳುತ್ತೆ. ಹತ್ತು ಸಲ ಕೇಳಿದರೂ ನಗಲ್ಲ, ರೇಗಲ್ಲ. ನಾವು ಬಳಸ್ತೇವೆ, ನೀವೂ ಬಳಸಿ. ಇದನ್ನು ಕಾಪಿ ಹೊಡೆಯೋದು ಅನ್ನುವ ಹಿರಿಯರು ದುಡ್ಡಿದ್ದವರ ಮಕ್ಕಳು ಟ್ಯೂಷನ್‌ಗೆ ಹೋದಾಗ ಯಾಕೆ ಸುಮ್ಮನಿದ್ದರು?

ಹಾಗಂತ ನಮ್ಮ ತಪ್ಪೂ ಇದೆ. ಅಸೈನ್‌ಮೆಂಟ್ ಪೂರ್ತಿ ಅದರ ಕೈಲೇ ಬರೆಸಿ ಸಹಿ ಹಾಕಿದರೆ ಅದು ಕಲಿಕೆಯಲ್ಲ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು 1000 ಮಕ್ಕಳ ಮೇಲೆ ಗಣಿತದ ಪ್ರಯೋಗ ನಡೆಯಿತು. ಸಾಮಾನ್ಯ ಚಾಟ್ ಎಐ ಹಿಡಿದು ಅಭ್ಯಾಸ ಮಾಡಿದವರು ಆಗ 48% ಮುಂದಿದ್ದರು, ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ ಎಐ ಮುಟ್ಟದವರಿಗಿಂತ 17% ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಮಾಡಿದ ಎಐಯಲ್ಲಿ ಆ ನಷ್ಟ ಹೆಚ್ಚುಕಡಿಮೆ ಕಾಣಲಿಲ್ಲ. ಅದಕ್ಕೇ ಮೊದಲೇ ಹೇಳಿಬಿಡಿ: "ಉತ್ತರ ಬೇಡ, ಮುಂದಿನ ಹೆಜ್ಜೆ ಮಾತ್ರ ಹೇಳು."

ನಮ್ಮ ಸಿಟ್ಟು ಬೇರೆಯವರ ಮೇಲೆ. ಕನ್ನಡ ಬಲ್ಲ ಅಧ್ಯಾಪಕರನ್ನು ಕೊಡಿ ಅಂತ ಅರ್ಜಿ ಹಿಡಿದು ಹೋದರೆ, "ಈಗ ಎಲ್ಲಾ ಎಐನಲ್ಲೇ ಸಿಗುತ್ತಲ್ಲ" ಅಂತ ನಗ್ತಾರೆ. ಸ್ವಾಮಿ, ಸಂವಿಧಾನದ 350ಎ ವಿಧಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿ ಅನ್ನೋದೇ ಪ್ರಾಥಮಿಕ ಹಂತಕ್ಕೆ ಮಾತ್ರ, ಕಾಲೇಜಿನ ಮಾತೇ ಅಲ್ಲಿಲ್ಲ. ಇದ್ದಷ್ಟನ್ನೂ ಮೊಬೈಲಿಗೆ ವರ್ಗಾಯಿಸಿ ಕೈ ತೊಳೆದುಕೊಳ್ತೀರಾ?

ಎಐಗೆ ಕನ್ನಡದಲ್ಲಿ ಪ್ರಶ್ನೆ ಬರೆಯೋಕೆ ನಮಗೆ ಕಲಿಸಿದ್ದು ಯಾರು? ಅದೇ ಮಾಡು ಸೋರುವ ಕನ್ನಡ ಶಾಲೆ. ಅದು ಮುಚ್ಚಿದರೆ ತಾಳವಾಡಿಯ ಮಗು ಎಐ ಜೊತೆಗೂ ತಮಿಳಲ್ಲೇ ಮಾತಾಡುತ್ತೆ. ಇನ್ನೊಂದು, ಈ ಯಂತ್ರ ಸುಳ್ಳನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತೆ, ಇಲ್ಲದ ಪುಸ್ತಕಕ್ಕೆ ಲೇಖಕರನ್ನೂ ಹುಟ್ಟಿಸುತ್ತೆ. ತಪ್ಪು ಹಿಡಿಯೋಕೆ ವಿಷಯವೂ ಭಾಷೆಯೂ ಗೊತ್ತಿರುವ ಒಬ್ಬ ಮನುಷ್ಯ ಬೇಕೇಬೇಕು.

ಅರ್ಜಿ ಮತ್ತೆ ಕೊಡ್ತಿದ್ದೇವೆ. ಈ ಸಲ ಕರಡನ್ನು ಎಐ ಕೈಲೇ ತಿದ್ದಿಸಿದೆವು. ವಾಕ್ಯ ಚೆನ್ನಾಗಿ ಮಾಡಿತು, ಆದರೆ ನಮ್ಮ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಿಬಿಟ್ಟಿತ್ತು. (ಓದಿ ಒಂದು ಕ್ಷಣ ಖುಷಿಯಾಗಿದ್ದು ಬೇರೆ ಮಾತು.) ಅದನ್ನು ನಾವೇ ತಿದ್ದಬೇಕಾಯ್ತು.